ಬಾವಿಯ ನೀರು ಕೆಟ್ಟಿದೆಯೆಂದು ತೋರಿಸಿಕೊಡುವುದು ಹೇಗೆ?

ಬಾವಿಯ ನೀರಿಗೆ ವಾಸನೆ ಹಿಡಿದಿದೆ, ದನಗಳು ಮೂಸಿ ಹಿಂದೆ ಸರಿಯುತ್ತವೆ, ತೋಡಿನ ಮೀನು ಸತ್ತು ತೇಲಿತು ಎಂಬ ದೂರುಗಳು ಗಡಿಯ ಈಚೆಗಿರುವ ನಮ್ಮ ಊರುಗಳಲ್ಲಿ ಹೊಸತಲ್ಲ. ದೂರು ನಿಜವೇ ಇರಬಹುದು. ಆದರೆ ಅದನ್ನು ಕೇಳಬೇಕಾದ ಅಧಿಕಾರಿಯು ಮೊದಲು ಕೇಳುವುದು ಒಂದೇ ಮಾತು: ರುಜುವಾತು ಏನಿದೆ? ಆಗ ನಮ್ಮವರು ಮನೆಯಲ್ಲಿದ್ದ ಹಳೆಯ ಬಾಟಲಿಯಲ್ಲಿ ನೀರು ತುಂಬಿಸಿ ಪೇಟೆಗೆ ಒಯ್ಯುತ್ತಾರೆ. ಆ ಬಾಟಲಿಯಲ್ಲಿ ಹಿಂದೆ ಏನಿತ್ತು, ನೀರು ಎಂದು ತೆಗೆದದ್ದು, ಯಾವ ಬಾವಿಯದು ಎಂಬುದಕ್ಕೆ ಬರಹದ ಆಧಾರವಿರುವುದಿಲ್ಲ. ಪ್ರಯೋಗಶಾಲೆಯವರು ಏನು ಬರೆದುಕೊಟ್ಟರೂ ಎದುರು ಪಕ್ಷದವರು ಅದನ್ನು ಒಂದು ನಿಮಿಷದಲ್ಲಿ ತಳ್ಳಿಹಾಕಬಲ್ಲರು. ಆದುದರಿಂದ ಮಣ್ಣು ಮತ್ತು ಅಂತರ್ಜಲ ಕೆಟ್ಟಿದೆಯೇ ಎಂದು ಹೊಲದಲ್ಲೇ ನಿಂತು ಶೋಧಿಸುವ ಕ್ರಮವನ್ನು ಈ ಸಲ ಸ್ವಲ್ಪ ವಿಸ್ತಾರವಾಗಿ ತಿಳಿಸುತ್ತೇವೆ.

ಈ ಕ್ರಮದ ಬೆಲೆ ಏನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ೧೯೭೦ರ ದಶಕದ ಕೊನೆಯ ವರ್ಷಗಳಿಂದ ೨೦೦೦ದ ವರೆಗೆ, ಟೀ ಸೊಳ್ಳೆಯ ನಿವಾರಣೆಗೆಂದು, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡೆಯ ಮೇಲೆ ತೋಟ, ಬುಡದಲ್ಲಿ ಮನೆ, ಬಾವಿ, ಸುರಂಗ, ತೋಡು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕಾಯಿಲೆಗಳು ಅತಿಯಾಗಿ ಕಾಣುತ್ತಿರುವುದನ್ನು ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು ಗುರುತಿಸಿದರು. ಕೃಷಿ ಪತ್ರಕರ್ತರಾದ ಶ್ರೀಪಡ್ರೆಯವರು ಬರೆದರು. ೨೦೦೧ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು, ರಕ್ತ ಮೊದಲಾದವನ್ನು ಪರೀಕ್ಷಿಸಿ ವಿಷದ ಅಂಶವಿದೆಯೆಂದು ಪ್ರಕಟಿಸಿತು. ಇನ್ನೊಂದು ಪಕ್ಷದವರು ಬೇರೆ ಕಡೆ ಪರೀಕ್ಷೆ ಮಾಡಿಸಿ ಹಾಗೇನೂ ಇಲ್ಲವೆಂದರು. ಮಾದರಿಯನ್ನು ಹೇಗೆ ತೆಗೆದಿರಿ, ಹೇಗೆ ಪರೀಕ್ಷಿಸಿದಿರಿ ಎಂಬ ಚರ್ಚೆಯೇ ಮುಂದೆ ನಡೆಯಿತು. ಊರಿನ ಮಕ್ಕಳ ಸಂಕಟವು ಬಾಟಲಿ ಮತ್ತು ಬಿರಡೆಯ ವಾದಕ್ಕೆ ಬಂದು ನಿಂತಿತು! ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ಔಷಧವನ್ನು ನಿಷೇಧದ ಪಟ್ಟಿಗೆ ಸೇರಿಸಿದ್ದು ೨೦೧೧ರ ಏಪ್ರಿಲಿನಲ್ಲಿ. ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು ಅದೇ ವರ್ಷದ ಮೇ ತಿಂಗಳಲ್ಲಿ.

ಈಗ ಕ್ರಮಕ್ಕೆ ಬರೋಣ. ಮೊದಲ ಕೆಲಸಕ್ಕೆ ಬಾಟಲಿಯೂ ಬೇಡ, ಹಾರೆಯೂ ಬೇಡ. ಒಂದು ನೋಟುಪುಸ್ತಕ ಹಿಡಿದು ಜಾಗವನ್ನು ನಡೆದು ನೋಡತಕ್ಕದ್ದು; ಊರಿನ ಹಿರಿಯರನ್ನು ಕೇಳತಕ್ಕದ್ದು. ಔಷಧ ಬೆರೆಸುತ್ತಿದ್ದ ಜಾಗ ಯಾವುದು? ಪಂಪು, ಡ್ರಮ್ಮು ತೊಳೆಯುತ್ತಿದ್ದುದು ಎಲ್ಲಿ? ಖಾಲಿ ಡಬ್ಬಿ ಎಲ್ಲಿಗೆ ಹೋಯಿತು? ಪಾಳುಬಾವಿಯನ್ನು ಯಾರು, ಯಾವಾಗ, ಏನು ಹಾಕಿ ಮುಚ್ಚಿದರು? ಸಿಂಪಡಿಸಿದ ಇಡೀ ಗುಡ್ಡೆಗಿಂತ ಡ್ರಮ್ಮು ತೊಳೆದ ಹತ್ತಡಿ ಜಾಗದಲ್ಲಿ ವಿಷ ಹೆಚ್ಚಿರುವುದುಂಟು. ಮಿಂಚಿಪದವಿನ ಗೇರು ತೋಟದ ಬಾವಿಯೊಂದರಲ್ಲಿ ಎಂಡೋಸಲ್ಫಾನನ್ನು ಹೂತಿದ್ದಾರೆಂಬ ಆಪಾದನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವರೆಗೆ ಹೋಗಿ, ೨೦೨೩ರ ಕೊನೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಅಲ್ಲಿಗೆ ಬಂದು ಮಣ್ಣು, ನೀರು ತೆಗೆಯಬೇಕಾಯಿತು. ಇಷ್ಟು ವರ್ಷಗಳ ಮೇಲೆ ಇಂತಹ ಜಾಗವನ್ನು ತೋರಿಸಬಲ್ಲದ್ದು ಜನರ ನೆನಪು ಮಾತ್ರ. ಅಂತಹ ನೆನಪನ್ನು ಇಸವಿ ಸಹಿತ ಬರೆದಿಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ.

ಒಂದು ಎಚ್ಚರಿಕೆ. ಹಳೆಯ ಡಬ್ಬಿ ಕಂಡರೆ ಮುಚ್ಚಳ ತೆಗೆಯಬಾರದು, ಮೂಸಬಾರದು. ಪಾಳುಬಾವಿಗೆ ಇಳಿಯಬಾರದು, ವಾಸನೆ ಬರುವ ಸುರಂಗದೊಳಗೆ ಹೋಗಬಾರದು. ಒಳಗಿನ ಕೆಟ್ಟ ಗಾಳಿಯಿಂದ ಇಳಿದವನೂ, ಅವನನ್ನು ಎತ್ತಲು ಹೋದವನೂ ಸತ್ತ ಸುದ್ದಿಗಳು ಕಡಿಮೆಯಲ್ಲ. ನೀರಿನ ರುಚಿ ನೋಡಿ ಪರೀಕ್ಷಿಸುವ ಹಳೆಯ ಪದ್ಧತಿಯನ್ನೂ ಇಲ್ಲಿ ಬಿಡಬೇಕು.

ನಡೆದು ನೋಡಿದ ಮೇಲೆ ಒಂದು ಹಾಳೆಯಲ್ಲಿ ಕೈನಕ್ಷೆ ಬರೆಯಿರಿ. ವಿಷದ ಮೂಲ ಎಲ್ಲಿ, ಅದು ಹರಿದು ಬರುವ ದಾರಿ ಯಾವುದು, ಆ ನೀರನ್ನು ಬಳಸುವವರು ಯಾರು, ಈ ಮೂರನ್ನು ಗುರುತಿಸಿದರೆ ಶೋಧನೆಯ ಅರ್ಧ ಮುಗಿದಂತೆಯೇ. ಈ ಮೂರರಲ್ಲಿ ಕಷ್ಟವಾದದ್ದು ದಾರಿ. ನೆಲ ಇಳಿಜಾರಾದ ಕಡೆಗೇ ಅಂತರ್ಜಲವೂ ಹರಿಯುತ್ತದೆಂದು ಬಹುಮಂದಿ ತಿಳಿದಿದ್ದಾರೆ. ಸಾಮಾನ್ಯವಾಗಿ ಅದು ಸರಿ. ಆದರೆ ಯಾವಾಗಲೂ ಅಲ್ಲ. ಇದನ್ನು ಮೂರು ಬಾವಿಗಳಿಂದ ಅಳೆದು ತಿಳಿಯಬಹುದು. ತಿಳಿಯುವ ಬಗೆ ಹೀಗೆ.

ತ್ರಿಕೋನವಾಗಿ ಇರುವ ಮೂರು ಬಾವಿಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದರ ಕಟ್ಟೆಯ ಮೇಲೂ ಒಂದು ಗುರುತು ಮಾಡಿ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ನೀರು ತುಂಬಿದ ತೆಳ್ಳನೆಯ ಪಾರದರ್ಶಕ ಪೈಪನ್ನು ಇಟ್ಟುಕೊಂಡಿರುತ್ತಾರಲ್ಲವೆ? ಅದರಿಂದ ಹಂತಹಂತವಾಗಿ ಹೋಗಿ, ಒಂದು ಕಟ್ಟೆಗಿಂತ ಮತ್ತೊಂದು ಎಷ್ಟು ಅಡಿ ತಗ್ಗಿನಲ್ಲಿದೆ ಎಂದು ತಿಳಿಯಿರಿ. ಬಳಿಕ ಒಂದೇ ದಿನ ಬೆಳಿಗ್ಗೆ, ಯಾರೂ ಪಂಪು ಹಾಕುವ ಮೊದಲು, ಗುರುತಿನಿಂದ ನೀರಿನ ವರೆಗೆ ಹಗ್ಗ ಇಳಿಸಿ ಅಳೆಯಿರಿ. ಮೇಲಿನ ಮನೆಯ ಬಾವಿಕಟ್ಟೆಯನ್ನು ೧೦೦ ಅಡಿ ಎಂದು ಹಿಡಿಯೋಣ. ನಡುವಿನ ಮನೆಯದು ೯೬, ಕೆಳಗಿನದು ೯೩ ಅಡಿ. ನೀರು ಮೇಲಿನ ಬಾವಿಯಲ್ಲಿ ೨೨ ಅಡಿ ಕೆಳಗೆ, ನಡುವಿನದರಲ್ಲಿ ೧೫, ಕೆಳಗಿನದರಲ್ಲಿ ೧೮. ಕಳೆದು ನೋಡಿದರೆ ನೀರಿನ ಮಟ್ಟ ಕ್ರಮವಾಗಿ ೭೮, ೮೧, ೭೫ ಅಡಿ. ಅಂದರೆ ನೆಲ ಎತ್ತರವಿರುವುದು ಮೇಲಿನ ಮನೆಯಲ್ಲಾದರೂ ನೀರು ಎತ್ತರವಿರುವುದು ನಡುವಿನ ಮನೆಯಲ್ಲಿ. ನಡುವಿನ ಬಾವಿಯಿಂದ ಕೆಳಗಿನ ಬಾವಿಗೆ ನಕ್ಷೆಯಲ್ಲಿ ಗೆರೆ ಎಳೆದರೆ ಅದರ ಸರಿಮಧ್ಯದಲ್ಲಿ ಮಟ್ಟ ೭೮ ಬರುತ್ತದೆ. ಆ ಬಿಂದುವನ್ನೂ ಮೇಲಿನ ಬಾವಿಯನ್ನೂ ಸೇರಿಸಿದರೆ ಅದು ಸಮಮಟ್ಟದ ಗೆರೆ. ನೀರು ಆ ಗೆರೆಯನ್ನು ಅಡ್ಡವಾಗಿ, ಕೆಳಗಿನ ಬಾವಿಯಿರುವ ಪಕ್ಕಕ್ಕೆ ದಾಟುತ್ತದೆ. ಹೀಗಿರುವಾಗ ಮೇಲಿನ ಮನೆಯವರ ನೀರು ಕೆಟ್ಟರೆ ಸಂಶಯಪಡಬೇಕಾದದ್ದು ನಡುವಿನ ಮನೆಯ ಪಕ್ಕವನ್ನು. ನೆಲದ ಇಳಿಜಾರು ಮಾತ್ರ ನೋಡಿದವರಿಗೆ ಇದು ಎಂದೂ ಹೊಳೆಯುವುದಿಲ್ಲ.

ಈ ಲೆಕ್ಕ ಮರಳುಮಣ್ಣಿನ ನಾಡಿಗೆ ಚೆನ್ನಾಗಿ ಹೊಂದುತ್ತದೆ. ಕಾಸರಗೋಡಿನ ಮುರಕಲ್ಲಿನಲ್ಲಿ ನೀರು ಒಳಗೊಳಗೇ ಬಿಲಗಳಂತಹ ದಾರಿಗಳಲ್ಲಿ ಓಡುವುದುಂಟು. ರಾಯದುರ್ಗ, ಮಡಕಶಿರಾ ಕಡೆ ಬಂಡೆಯ ಬಿರುಕುಗಳಲ್ಲಿ ಓಡುತ್ತದೆ. ಸೊಲ್ಲಾಪುರ, ಜತ್ತ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟಾಗ ಮೇಲೆ ಚೆಲ್ಲಿದ್ದು ನೇರವಾಗಿ ಕೆಳಕ್ಕಿಳಿಯುತ್ತದೆ. ಇಂತಹಲ್ಲಿ ಹತ್ತಿರದ ಬಾವಿ ಚೆನ್ನಾಗಿದ್ದು ದೂರದ್ದು ಕೆಡಬಹುದು. ಆದುದರಿಂದ ಮೂರೇ ಬಾವಿಗೆ ನಿಲ್ಲದೆ ಸುತ್ತಿನ ಎಲ್ಲ ಬಾವಿಗಳನ್ನೂ ಅಳೆಯುವುದು ಲೇಸು.

ಮಣ್ಣು ತೆಗೆಯುವಾಗ ನಮ್ಮ ರೈತರು ಒಂದು ಹಳೆಯ ಅಭ್ಯಾಸವನ್ನು ಮರೆಯಬೇಕಾಗುತ್ತದೆ. ಗೊಬ್ಬರದ ಶಿಫಾರಸಿಗೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹದಿನೈದಿಪ್ಪತ್ತು ಕಡೆ ಮಣ್ಣು ತೆಗೆದು ಬೆರೆಸಿ, ನಾಲ್ಕು ಪಾಲು ಮಾಡಿ ಎರಡನ್ನು ಬಿಡುವುದು ಕೃಷಿ ಇಲಾಖೆಯವರು ಕಲಿಸಿದ ಕ್ರಮ. ಅಲ್ಲಿ ಬೇಕಾದದ್ದು ಸರಾಸರಿ. ವಿಷದ ಶೋಧನೆಯಲ್ಲಿ ಸರಾಸರಿಯೇ ಸತ್ಯವನ್ನು ಮುಚ್ಚುತ್ತದೆ. ಒಂದು ಕಡೆಯ ಮಣ್ಣಿನಲ್ಲಿ ನೂರು ಪಾಲು ವಿಷವಿದ್ದು, ಒಂಬತ್ತು ಕಡೆಯ ಶುದ್ಧ ಮಣ್ಣನ್ನು ಅದಕ್ಕೆ ಬೆರೆಸಿದರೆ ಕಾಣುವುದು ಹತ್ತೇ ಪಾಲು. ಆದುದರಿಂದ ಸಂಶಯದ ಜಾಗಗಳ ಮಣ್ಣನ್ನು ಬೇರೆ ಬೇರೆಯಾಗಿಯೇ ಇಡತಕ್ಕದ್ದು. ಆಳವನ್ನೂ ಬೆರೆಸಬಾರದು. ಮೇಲಿನಿಂದ ಸಿಂಪಡಿಸಿದ ಔಷಧ ಮೊದಲ ಎರಡಂಗುಲದಲ್ಲಿ ಹೆಚ್ಚು. ಚೆಲ್ಲಿದ್ದು, ಹೂತದ್ದು ಆಳದಲ್ಲಿ. ಎರಡಡಿಯ ಗುಂಡಿ ತೋಡಿ ಅದರ ಒಂದು ಗೋಡೆಯನ್ನು ಹೊಸದಾಗಿ ಕೆರೆದು, ಕೆಳಗಿನ ಮಣ್ಣನ್ನು ಮೊದಲು, ಮೇಲಿನದನ್ನು ಕೊನೆಗೆ ತೆಗೆಯಬೇಕು. ಇಲ್ಲದಿದ್ದರೆ ಮೇಲಿನ ಮಣ್ಣು ಉದುರಿ ಕೆಳಗಿನದಕ್ಕೆ ಸೇರುತ್ತದೆ. ಕಲ್ಲು, ಬೇರು ಬಿಟ್ಟು ಸುಮಾರು ಅರ್ಧ ಕಿಲೋ ಸಾಕು. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಸಲಕರಣೆಯನ್ನು ತೊಳೆಯಬೇಕು. ಶುದ್ಧವೆಂದು ತೋರುವ ಜಾಗದಿಂದ ಆರಂಭಿಸಿ ಅತಿ ಕೆಟ್ಟ ಜಾಗಕ್ಕೆ ಕೊನೆಗೆ ಹೋಗಬೇಕು.

ಕೀಟನಾಶಕದ ಶೋಧನೆಗೆ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕದೆ ಗಾಜಿನ ಭರಣಿಯಲ್ಲಿ ಹಾಕಿ, ಬಿಸಿಲಿಗೆ ಒಣಗಿಸದೆ ತಂಪಿನಲ್ಲಿ ಒಯ್ಯಬೇಕು. ಸೀಸ, ಕ್ರೋಮಿಯಂ ಮೊದಲಾದ ಲೋಹಗಳ ಶೋಧನೆಗೆ ಪ್ಲಾಸ್ಟಿಕ್ ಚೀಲವೇ ಸರಿ; ಆದರೆ ತುಕ್ಕು ಹಿಡಿದ ಪಿಕ್ಕಾಸಿಗೆ ತಾಗಿದ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದು ಬಿಟ್ಟು ಒಳಗಿನದನ್ನು ತೆಗೆಯಬೇಕು. ಗೊಬ್ಬರದ ಚೀಲವನ್ನು ಮಾತ್ರ ಯಾವುದಕ್ಕೂ ಬಳಸಬೇಡಿ.

ಇದರ ಜೊತೆಗೆ ಒಂದು ಹೋಲಿಕೆಯ ಮಾದರಿ ಇರಲೇಬೇಕು. ಕೆಟ್ಟ ಮಣ್ಣಿನಲ್ಲಿ ಇಷ್ಟಿದೆ ಎಂದರೆ ಸಾಲದು, ಕೆಡದ ಮಣ್ಣಿನಲ್ಲಿ ಎಷ್ಟಿದೆ? ಇಲ್ಲಿ ನಮ್ಮವರು ಅವಸರಪಟ್ಟು ಕಾಡಿನ ಮಣ್ಣು ತರುತ್ತಾರೆ. ಅಡಿಕೆ ತೋಟಗಳಿಗೆ ಕೊಳೆರೋಗದ ತಡೆಗಾಗಿ ತಲೆಮಾರುಗಳಿಂದ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಿದ್ದೇವೆ. ತಾಮ್ರ ಆ ಮಣ್ಣಿನಲ್ಲಿ ಸೇರಿಕೊಂಡೇ ಇದೆ. ಪಕ್ಕದ ಕಾರ್ಖಾನೆಯಿಂದ ತಾಮ್ರ ಬಂತೆಂದು ಹೇಳಬೇಕಾದರೆ ಹೋಲಿಕೆಯ ಮಣ್ಣು, ಕಾರ್ಖಾನೆಯ ಗಾಳಿ ನೀರು ತಾಗದ ಇನ್ನೊಂದು ಅಡಿಕೆ ತೋಟದ್ದೇ ಆಗಿರಬೇಕು. ಪಡ್ರೆಯ ಶೋಧನೆಗಳ ಪೈಕಿ ಹೆಚ್ಚು ತೂಕ ಪಡೆದದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯದು ಎಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವೂ ಈ ಹೋಲಿಕೆಯೇ. ೨೦೦೩ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಗೇರು ತೋಟದ ಬುಡದ ಊರಿನ ೧೧೭ ಹುಡುಗರನ್ನೂ, ಸಿಂಪಡಣೆ ಕಾಣದ ಕಡೆಯ ೯೦ ಹುಡುಗರನ್ನೂ ಒಂದೇ ಕ್ರಮದಿಂದ ಪರೀಕ್ಷಿಸಿದ ವಿವರವಿದೆ. ಮೊದಲಿನವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿತ್ತು. ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಒಂದೇ ಊರಿನ ಲೆಕ್ಕವಾಗಿದ್ದರೆ ಅದಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ.

ಇನ್ನು ನೀರು. ನಿಂತ ನೀರನ್ನು ತೆಗೆದರೆ ಅದು ಕೊಳವೆಯ ಕತೆ ಹೇಳುತ್ತದೆಯೇ ಹೊರತು ಭೂಮಿಯ ಕತೆ ಹೇಳುವುದಿಲ್ಲ. ಕೊಳವೆಬಾವಿಯಲ್ಲಿ ನಿಂತಿರುವ ನೀರಿನ ಮೂರು ಪಟ್ಟನ್ನು ಹೊರಚೆಲ್ಲಿದ ಮೇಲೆ ಮಾದರಿ ತೆಗೆಯಬೇಕೆಂದು ಕ್ರಮವಿದೆ. ಆರಂಗುಲದ ಕೊಳವೆಯಲ್ಲಿ ಒಂದಡಿಗೆ ಸುಮಾರು ಐದೂವರೆ ಲೀಟರ್ ನೀರು ಹಿಡಿಯುತ್ತದೆ. ಇನ್ನೂರಡಿ ನೀರು ನಿಂತಿದ್ದರೆ ೧,೧೦೦ ಲೀಟರ್. ಮೂರು ಪಟ್ಟು ೩,೩೦೦. ನಿಮ್ಮ ಪಂಪು ಇನ್ನೂರು ಲೀಟರಿನ ಡ್ರಮ್ಮನ್ನು ಎಷ್ಟು ನಿಮಿಷದಲ್ಲಿ ತುಂಬುತ್ತದೆಂದು ನೋಡಿದರೆ ಹೊತ್ತು ಎಷ್ಟೆಂದು ತಾನಾಗಿ ತಿಳಿಯುತ್ತದೆ. ಪೆನ್ನಿನಂತಹ ಲವಣಮಾಪಕ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಐದೈದು ನಿಮಿಷಕ್ಕೊಮ್ಮೆ ಅದರಲ್ಲಿ ನೋಡಿ, ಅಂಕಿ ಬದಲಾಗುವುದು ನಿಂತ ಮೇಲೆ ಬಾಟಲಿ ತುಂಬಿಸಿದರೆ ಇನ್ನೂ ಉತ್ತಮ. ತೆರೆದ ಬಾವಿಯಲ್ಲಾದರೆ ಮೇಲೆ ತೇಲುವ ಕೆನೆ, ಕಸ ಬಿಟ್ಟು ಸುಮಾರು ಒಂದಡಿ ಕೆಳಗಿನ ನೀರು ಬೇಕು. ನಲ್ಲಿ, ಟ್ಯಾಂಕಿಗಳ ನೀರನ್ನು ಬಾವಿಯ ನೀರೆಂದು ಕಳುಹಿಸಬಾರದು.

ಬಾಟಲಿಯ ವಿಷಯದಲ್ಲಿ ನಾವು ಎಷ್ಟು ಹೇಳಿದರೂ ಕಡಿಮೆಯೇ. ಕುಡಿಯುವ ನೀರಿನಲ್ಲಿ ಎಂಡೋಸಲ್ಫಾನಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟ ಮಿತಿ ಲೀಟರಿಗೆ ೦.೪ ಮೈಕ್ರೋಗ್ರಾಂ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಒಂದೇ ಗ್ರಾಂ ವಿಷ ೨೫ ಲಕ್ಷ ಲೀಟರ್ ನೀರನ್ನು ಮಿತಿಗೆ ಮುಟ್ಟಿಸಬಲ್ಲದು. ಹತ್ತಡಿ ಅಗಲದ ಬಾವಿಯಲ್ಲಿ ಹತ್ತಡಿ ನೀರಿದ್ದರೆ ಅದು ಸುಮಾರು ೨೨,೦೦೦ ಲೀಟರ್. ಅಂತಹ ನೂರಕ್ಕೂ ಮೀರಿದ ಬಾವಿಗಳಿಗೆ ಒಂದು ಗ್ರಾಂ! ಹೀಗಿರುವಾಗ ಔಷಧ ಮುಟ್ಟಿದ ಕೈ, ಸಿಂಪಡಣೆಯ ಹಗ್ಗ, ಹಳೆಯ ಬಾಟಲಿ ಇವುಗಳಲ್ಲಿ ಯಾವುದೊಂದು ಸಾಕು, ಶುದ್ಧ ನೀರನ್ನೂ ವಿಷವೆಂದು ತೋರಿಸಲು. ಎದುರು ವಕೀಲರು ಹಿಡಿಯುವುದೂ ಇಲ್ಲಿಯೇ.

ಕೀಟನಾಶಕಕ್ಕೆ ಬಣ್ಣದ ಗಾಜಿನ ಬಾಟಲಿ ಬೇಕು. ಅದನ್ನು ಪ್ರಯೋಗಶಾಲೆಯಿಂದಲೇ ಪಡೆದು, ಆ ನೀರಿನಿಂದ ಕಲಕಿ ಚೆಲ್ಲದೆ ನೇರವಾಗಿ ತುಂಬಿಸಿ, ಮಂಜುಗಡ್ಡೆಯಲ್ಲಿಟ್ಟು ಕಳುಹಿಸತಕ್ಕದ್ದು. ಒಂದು ವಾರದೊಳಗೆ ಅಲ್ಲಿ ಕೆಲಸ ಆರಂಭವಾಗಬೇಕು. ಪೆಟ್ರೋಲ್ ಬಂಕಿನ ಸೋರಿಕೆಯ ಸಂಶಯವಿದ್ದರೆ ಬಾಟಲಿಯಲ್ಲಿ ಒಂದು ಗುಳ್ಳೆಯಷ್ಟೂ ಗಾಳಿ ಉಳಿಯಬಾರದು. ಕಕ್ಕಸುಗುಂಡಿಯ ರೋಗಾಣುಗಳ ಪರೀಕ್ಷೆಗಾದರೆ ಇದಕ್ಕೆ ತದ್ವಿರುದ್ಧ: ಶುದ್ಧೀಕರಿಸಿದ ಬಾಟಲಿಯಲ್ಲಿ ಸ್ವಲ್ಪ ಗಾಳಿ ಬಿಟ್ಟು ತುಂಬಿಸಿ, ಅದೇ ದಿನ ಮುಟ್ಟಿಸಬೇಕು. ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ ಮತ್ತು ಪ್ರಯೋಗಶಾಲೆಯವರು ಕೊಡುವ ನೈಟ್ರಿಕ್ ಆಮ್ಲದ ಕೆಲವು ಹನಿ. ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿಯೊಂದೇ ಸಾಕು, ಅವಸರವೂ ಇಲ್ಲ. ರಾಯದುರ್ಗದ ಕಡೆಯವರಿಗೆ ಒಂದು ಮಾತು: ಫ್ಲೋರೈಡು ಬಂಡೆಯಿಂದಲೇ ಬರುವ ದೋಷವಾದ್ದರಿಂದ ಅಲ್ಲಿ ಯಾರ ಮೇಲೂ ದೂರು ಹಾಕಿ ಫಲವಿಲ್ಲ, ಯಾವ ಬಾವಿಯನ್ನು ಕುಡಿಯಲು ಇಟ್ಟುಕೊಳ್ಳಬೇಕೆಂದು ತಿಳಿಯಲು ಮಾತ್ರ ಪರೀಕ್ಷೆ. ಮಿತಿ ಲೀಟರಿಗೆ ೧ ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ ೧.೫. ಹಟ್ಟಿಗೊಬ್ಬರ, ಯೂರಿಯಾಗಳಿಂದ ಇಳಿಯುವ ನೈಟ್ರೇಟಿಗೆ ಮಿತಿ ೪೫ ಮಿಲಿಗ್ರಾಂ. ಈ ಎರಡನ್ನು ಜಲಜೀವನ ಯೋಜನೆಯಲ್ಲಿ ಗ್ರಾಮಗಳಿಗೆ ಕೊಟ್ಟ ಪರೀಕ್ಷಾ ಪೆಟ್ಟಿಗೆಯಲ್ಲೂ ಅಂದಾಜು ನೋಡಬಹುದು. ಕೀಟನಾಶಕವನ್ನು ಆ ಪೆಟ್ಟಿಗೆ ತೋರಿಸಲಾರದು.

ಪ್ರತಿ ಸಲವೂ ಇನ್ನೆರಡು ಬಾಟಲಿ ಹೆಚ್ಚಿಗೆ ಬೇಕು. ಒಂದರಲ್ಲಿ ಪ್ರಯೋಗಶಾಲೆಯ ಶುದ್ಧ ನೀರನ್ನು ಒಯ್ದು, ಬಾವಿಯ ಹತ್ತಿರವೇ ತೆರೆದು, ಇನ್ನೊಂದು ಖಾಲಿ ಬಾಟಲಿಗೆ ಹೊಯ್ದು, ಬೇರೆ ಸಂಖ್ಯೆ ಹಾಕಿ ಉಳಿದವುಗಳ ಜೊತೆ ಕಳುಹಿಸಬೇಕು. ಅದರಲ್ಲೂ ವಿಷ ಕಂಡರೆ ತಪ್ಪು ನಮ್ಮ ಕೈಯಲ್ಲಿದೆ ಎಂದು ತಿಳಿಯುತ್ತದೆ. ಅದು ಶುದ್ಧವೆಂದು ಬಂದರೆ ನಮ್ಮ ಮೇಲೆ ಬೊಟ್ಟು ಮಾಡುವವರ ಬಾಯಿ ಮುಚ್ಚುತ್ತದೆ.

ಎಂಡೋಸಲ್ಫಾನಿನಂತಹ ಔಷಧಗಳಿಗೆ ಇನ್ನೊಂದು ಗುಣವಿದೆ. ಅದು ನೀರಿನಲ್ಲಿ ಬಹಳ ಸ್ವಲ್ಪ ಕರಗುತ್ತದೆ, ಮಣ್ಣಿಗೆ ಗಟ್ಟಿಯಾಗಿ ಅಂಟುತ್ತದೆ. ಆದುದರಿಂದ ತಿಳಿನೀರಿನಲ್ಲಿ ಇಲ್ಲವೆಂದು ವರದಿ ಬಂದರೆ ಸಮಾಧಾನಪಡುವುದು ಸರಿಯಲ್ಲ. ಮದಕದ, ತೋಡಿನ ಮಡುವಿನ ಕೆಸರನ್ನು ನೋಡಬೇಕು. ಅದರ ಆಲ್ಫಾ, ಬೀಟಾ ಎಂಬ ಎರಡು ರೂಪಗಳು ಕಾಲಕ್ರಮದಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಮೂರನೆಯದಾಗಿ ಬದಲಾಗುತ್ತವೆ, ಮತ್ತು ಅದೇ ಹೆಚ್ಚು ಕಾಲ ಉಳಿಯುವುದು. ಪರೀಕ್ಷೆಗೆ ಕೊಡುವಾಗ ಮೂರನ್ನೂ ನೋಡಬೇಕೆಂದು ಬರೆದುಕೊಡಿ. ವರದಿಯಲ್ಲಿ ಪತ್ತೆಯಾಗಲಿಲ್ಲ ಎಂದಿದ್ದರೆ ಎಷ್ಟರ ವರೆಗೆ ಪತ್ತೆ ಮಾಡಬಲ್ಲ ಯಂತ್ರವೆಂದು ಕೇಳಿ. ೧ ಮೈಕ್ರೋಗ್ರಾಮಿಗಿಂತ ಕಡಿಮೆಯನ್ನು ಕಾಣದ ಯಂತ್ರಕ್ಕೆ ೦.೪ರ ಮಿತಿಯ ವಿಷಯದಲ್ಲಿ ಮಾತಾಡುವ ಯೋಗ್ಯತೆಯಿಲ್ಲ.

ಕಾಗದಪತ್ರದ ವಿಷಯ. ಬಾಟಲಿಯ ಮೇಲೆ ಸಂಖ್ಯೆ, ತಾರೀಖು, ಗಂಟೆ. ಪುಸ್ತಕದಲ್ಲಿ ಬಾವಿಯ ಗುರುತು, ನೀರಿನ ಆಳ, ಪಂಪು ಓಡಿದ ಹೊತ್ತು, ಕೊನೆಯ ಮಳೆ ಬಿದ್ದ ದಿನ, ತೆಗೆದವರ ಮತ್ತು ನೋಡಿದವರ ಹೆಸರು, ಸಹಿ. ಬಾಟಲಿ ಕೈಯಿಂದ ಕೈಗೆ ಹೋಗುವಾಗ ಕೊಟ್ಟವರೂ ಪಡೆದವರೂ ಗಂಟೆ ಸಹಿತ ಸಹಿ ಹಾಕಬೇಕು. ಪೊಲೀಸರ ಮಹಜರು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ನಾವೇ ತೆಗೆದ ಮಾದರಿಯು ಇಲಾಖೆಯವರನ್ನು ಜಾಗಕ್ಕೆ ಬರಮಾಡಿಸುವುದಕ್ಕೆ ಮಾತ್ರ ಉಪಯೋಗ ಎಂಬುದನ್ನು ತಿಳಿದಿರಬೇಕು. ೧೯೭೪ರ ಜಲಮಾಲಿನ್ಯ ಕಾಯಿದೆಯ ೨೧ನೆಯ ವಿಧಿಯಂತೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗೆ ಬಾವಿ, ತೋಡು, ಕಾರ್ಖಾನೆಯ ಹೊರನೀರು ಯಾವುದರದ್ದಾದರೂ ಮಾದರಿ ತೆಗೆಯುವ ಅಧಿಕಾರವಿದೆ. ಹೊರನೀರಿನ ಮಾದರಿಯನ್ನು ಕಾರ್ಖಾನೆಯವರಿಗೆ ತಿಳಿಸಿ, ಅವರು ಹಾಜರಿದ್ದರೆ ಎದುರಿನಲ್ಲೇ ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಮಾಡಿಸಬೇಕು. ಈ ಕ್ರಮ ತಪ್ಪಿದರೆ ಆ ಪರೀಕ್ಷೆಯ ಫಲ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅಧಿಕಾರಿಗಳು ಬಂದಾಗ ಊರಿನವರು ಹತ್ತಿರ ನಿಂತು ಇಷ್ಟೆಲ್ಲ ನಡೆಯಿತೇ ಎಂದು ನೋಡುವುದು ಒಳ್ಳೆಯದು.

ಭಾಷೆಯ ತೊಡಕೂ ನಮಗಿದೆ. ಮಹಜರನ್ನು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಬರೆದಿರುತ್ತಾರೆ; ಓದಲಾರದವರು ಸುಮ್ಮನೆ ಸಹಿ ಹಾಕುತ್ತಾರೆ. ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ, ಹಾಗೆಂದು ಸಹಿಯ ಪಕ್ಕದಲ್ಲಿ ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ದೂರರ್ಜಿಯನ್ನಂತೂ ಕನ್ನಡದಲ್ಲಿ ಕೊಡಲು ಹಿಂಜರಿಯಬೇಕಾಗಿಲ್ಲ. ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ ೩೫೦ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ.

ಒಂದು ಸಲದ ಪರೀಕ್ಷೆಯಿಂದ ಏನನ್ನೂ ತೀರ್ಮಾನಿಸಬೇಡಿ. ಬೇಸಿಗೆಯ ಕೊನೆಗೆ ನೀರು ತಗ್ಗಿ ಉಪ್ಪು, ನೈಟ್ರೇಟು ಗಟ್ಟಿಯಾಗಿರುತ್ತದೆ. ಮೊದಲ ಮಳೆಗೆ ಮೇಲಿನ ಮಣ್ಣಿನ ವಿಷ ಕೊಚ್ಚಿ ತೋಡಿಗೆ ಬರುತ್ತದೆ. ಆಟಿಯ ಮಳೆಯಲ್ಲಿ ಎಲ್ಲವೂ ತೆಳ್ಳಗಾಗಿ ಚೆನ್ನಾಗಿರುವಂತೆ ಕಾಣುತ್ತದೆ. ಅದೇ ಬಾವಿ, ಅದೇ ಕ್ರಮ, ಅದೇ ಪ್ರಯೋಗಶಾಲೆ ಇಟ್ಟುಕೊಂಡು ಏಪ್ರಿಲ್ ಕೊನೆಗೊಮ್ಮೆ, ಮೊದಲ ದೊಡ್ಡ ಮಳೆಯ ಮರುದಿನವೊಮ್ಮೆ, ದೀಪಾವಳಿ ಕಳೆದು ಇನ್ನೊಮ್ಮೆ ತೆಗೆಯಿರಿ. ಬಾಟಲಿಗಳಿಗೆ ಪ್ರಯೋಗಶಾಲೆಯವರನ್ನು ಹದಿನೈದು ದಿನ ಮೊದಲೇ ಕೇಳಿಡಬೇಕು. ಮಳೆ ಬಂದ ದಿನ ಹುಡುಕಲು ಹೊರಟರೆ ಸಿಗುವುದಿಲ್ಲ.